ಒಬ್ಬನೇ ಮಾಡ್ತಾನಾ?

ಅಕ್ಕನ ಮಗನಿಗೆ ಈಗ 9 ವರ್ಷ. ಬುದ್ಧಿ ಬೆಳವಣಿಗೆ ನಿಧಾನ. ಹೋದ ವರ್ಷ ಅವನ ಅಂಗವಿಕಲ ಸರ್ಟಿಫಿಕೇಟ್‌ಗೆ ಅಂತ ಆಸ್ಪತ್ರೆಗೆ ಹೋದಾಗ ಜೊತೆಗೆ ನಾನೂ ಇದ್ದೆ. ಅಕ್ಕ ಅವನಿಗೆ ಹೊಸ ಅಂಗಿ ಹಾಕಿ, ತಲೆ ಬಾಚಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ "ಡಾಕ್ಟ್ರು ಕೇಳಿದ್ರೆ ಹೆಸರು ಹೇಳ್ಬೇಕು ಆಯ್ತಾ, ನಮಸ್ತೆ ಮಾಡ್ಬೇಕು" ಅಂತ ಹೇಳಿಕೊಡುತ್ತಲೇ ಇದ್ದಳು. ನೆಂಟರ ಮನೆಗೆ ಹೊರಟ ಹಾಗೆ.

ಒಳಗೆ ಸೈಕಾಲಜಿಸ್ಟ್ ಒಂದೊಂದಾಗಿ ಕೇಳಿದರು. ಊಟ ಮಾಡ್ತಾನಾ? ಮಾಡ್ತಾನೆ. ಬಟ್ಟೆ ಹಾಕ್ಕೊಳ್ತಾನಾ? ಹಾಕ್ಕೊಳ್ತಾನೆ. ಅಂಗಡಿಗೆ ಹೋಗ್ತಾನಾ? ಹೋಗ್ತಾನೆ. ಯಾವುದೂ ಸುಳ್ಳಲ್ಲ. ಆದರೆ ಅನ್ನ ಕಲಸಿಕೊಡುವವಳು ಅಕ್ಕ, ಗುಂಡಿ ಹಾಕುವವರು ಅಜ್ಜಿ, ಅಂಗಡಿಗೆ ಹೋಗುವಾಗ ಕೈ ಹಿಡಿದಿರುವುದು ಭಾವ. ಅದನ್ನು ನಾವು ಹೇಳಲಿಲ್ಲ, ಅವರೂ ಕೆದಕಲಿಲ್ಲ, ಹೊರಗೆ ಸಾಲು ಅಷ್ಟುದ್ದ ಇತ್ತು.

ಆ ಉತ್ತರಗಳ ಮೇಲೆ ಅಂಕ 72 ಬಂತು. ಸರ್ಟಿಫಿಕೇಟ್‌ನಲ್ಲಿ ಅಂಗವೈಕಲ್ಯ 25%.

ಅಕ್ಕನಿಗೆ ಒಂದು ಕ್ಷಣ ಖುಷಿಯೇ ಆಯಿತು, ನನ್ನ ಮಗ ಅಷ್ಟೇನೂ ಹಿಂದಿಲ್ಲ ಅಂತ. ಆಮೇಲೆ ಗೊತ್ತಾಯಿತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40% ಇಲ್ಲದಿದ್ದರೆ ಮೀಸಲಾತಿ ಇಲ್ಲ. ಪಿಂಚಣಿ, ಬಸ್ ಪಾಸ್ ಕೂಡ ಆ ಗೆರೆ ದಾಟಿದವರಿಗೇ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಏನೋ ಬರುತ್ತದೆ, ಬಿಳಿ ಬಣ್ಣದ್ದು. 40 ದಾಟಿದರೆ ಹಳದಿ, 80 ದಾಟಿದರೆ ನೀಲಿ. ಬಿಳಿ ಕಾರ್ಡ್ ಇಟ್ಟುಕೊಂಡು ಏನು ಮಾಡೋದು, ಸುಮ್ನೆ ಪರ್ಸಿನಲ್ಲಿ ಇರುತ್ತದೆ.

ಬುದ್ಧಿಮಾಂದ್ಯಕ್ಕೆ ಪರ್ಸೆಂಟ್ ಹಾಕುವುದು ವೈನ್‌ಲ್ಯಾಂಡ್ ಸ್ಕೇಲ್ ಅನ್ನುವ ಅಳತೆಯಿಂದ. ಐಕ್ಯೂ ನೋಡುತ್ತಾರೆ ನಿಜ, ಆದರೆ ಪರ್ಸೆಂಟ್ ನಿಲ್ಲುವುದು ಮಗು ದಿನನಿತ್ಯ ತಾನಾಗಿ ಏನು ಮಾಡಿಕೊಳ್ಳುತ್ತದೆ ಅನ್ನುವುದರ ಮೇಲೆ. ಸರ್ಕಾರದ ಮಾರ್ಗಸೂಚಿಯಲ್ಲಿ ಅಂಕ 70ರಿಂದ 84 ಇದ್ದರೆ 25%, 55ರಿಂದ 69 ಇದ್ದರೆ 50%. ನಡುವೆ ಏನೂ ಇಲ್ಲ! ಅಂದರೆ ನಮ್ಮ ಪುಟ್ಟ ಕಳೆದುಕೊಂಡದ್ದು ಮೂರೇ ಅಂಕದಲ್ಲಿ. ಆಟಿಸಂಗೆ ಬೇರೆ ಅಳತೆ, ಐಎಸ್‌ಎಎ ಅಂತ, 40 ಪ್ರಶ್ನೆ, ಅಲ್ಲೂ ಉತ್ತರದ ದೊಡ್ಡ ಪಾಲು ಅಮ್ಮನ ಬಾಯಿಂದಲೇ ಬರಬೇಕು.

ತೀರ್ಮಾನ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತ ಹೇಳಿದ್ದು ನಮ್ಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್‌.ಡಬ್ಲ್ಯೂ. ಸ್ವತಃ ಅಂಗವಿಕಲರು, ಈ ದಾರಿಯೆಲ್ಲ ಸವೆಸಿದವರು. ಅವರೇ ಇನ್ನೊಂದು ಮಾತು ಹೇಳಿದರು: "ಅಕ್ಕಾ, ಒಂದು ವಾರ ಬರೆದಿಡಿ. ಯಾವ ಕೆಲಸಕ್ಕೆ ಯಾರು ಕೈ ಹಾಕಿದ್ರಿ ಅಂತ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ."

ಅಕ್ಕ ಬರೆದಳು. ಸೋಮವಾರ, ಹಲ್ಲುಜ್ಜಲು ಪೇಸ್ಟ್ ಹಾಕಿಕೊಟ್ಟೆ, ಬಾಯಿ ತೊಳೆಸಿದೆ. ಮಂಗಳವಾರ, ಚಡ್ಡಿ ಹಿಂದುಮುಂದಾಗಿತ್ತು. ಬುಧವಾರ, 10 ರೂಪಾಯಿ ಕೊಟ್ಟು ಚಿಲ್ಲರೆ ತಗೊಳ್ಳದೆ ಬಂದ. ಎರಡು ಪುಟ ಬರೆದು ಅತ್ತಳು, ನಾನೂ ಏನೂ ಹೇಳಲಿಲ್ಲ. ವರ್ಷಗಟ್ಟಲೆ "ನಮ್ಮ ಪುಟ್ಟ ಎಲ್ಲಾ ಮಾಡ್ತಾನೆ" ಅಂತ ನೆಂಟರ ಮುಂದೆ ಹೇಳಿಕೊಂಡು ಬಂದ ಬಾಯಿ ಅದು, ಅಲ್ವಾ.

ಮೇಲ್ಮನವಿ ಹಾಕಿ ಎರಡನೇ ಸಲ ತಪಾಸಣೆ ಮಾಡಿಸಿದಾಗ 58 ಬಂತು. 50%, ಹಳದಿ ಕಾರ್ಡ್. ಮಗು ಅದೇ, ಅಂಗಿಯೂ ಅದೇ.

ಕಾರ್ಡ್ ಕೈಗೆ ಬಂದ ಮೇಲೆ ನಿರಾಮಯ ವಿಮೆ ಮಾಡಿಸಿದೆವು, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನದು, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ ಮಾತ್ರ. ಪ್ರತಿ ವರ್ಷ ನವೀಕರಿಸಬೇಕು, ಮರೆತರೆ ಹೋಯಿತು.

10 ತುಂಬಿದಾಗ ಮತ್ತೆ ತಪಾಸಣೆ, 18ಕ್ಕೆ ಇನ್ನೊಮ್ಮೆ. ಅಕ್ಕ ಆ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದಾಳೆ. ಮೊನ್ನೆ ನೋಡಿದೆ, ಹೊಸದೊಂದು ಸಾಲು ಸೇರಿತ್ತು: ಇವತ್ತು ಗುಂಡಿ ಅವನೇ ಹಾಕಿಕೊಂಡ, ಮೇಲಿನ ಎರಡು.