ಗುಡ್ಡದ ನೀರು ಹಾಯುವ ದಾರಿ

ರೋಹಿಣಿ ಮಳೆ ಇನ್ನೂ ಮುಗಿದಿರಲಿಲ್ಲ. ಬೆಳಗ್ಗೆ ಏಳಕ್ಕೆಲ್ಲ ಸುಣ್ಣದ ಪುಡಿ, ದಾರದ ಉಂಡೆ, ಗೂಟ ಹಿಡಿದು ಚಿತ್ರದುರ್ಗದ ಹೊರಗಿನ ಬಂಡೆಗುಡ್ಡವೊಂದರ ಬುಡಕ್ಕೆ ಹೋಗಿದ್ದೆ. ಜಮೀನಿನವರು ಅಲ್ಲೊಂದು ಸಂದರ್ಶಕರ ಕೇಂದ್ರ ಕಟ್ಟಿಸಬೇಕೆಂದಿದ್ದರು. ಗುಡ್ಡ ಹತ್ತಲು ಬರುವವರಿಗೆ, ಶಾಲೆ ಮಕ್ಕಳಿಗೆ ಒಂದು ಹಾಲ್, ಕುಡಿಯುವ ನೀರು, ಶೌಚಾಲಯ, ಇಲ್ಲಿನ ಕಲ್ಲು ಕಾಡಿನ ಬಗ್ಗೆ ತಿಳಿಸುವ ಒಂದು ಕೋಣೆ. ನನ್ನ ನಕ್ಷೆಗೆ ಒಪ್ಪಿಗೆ ಸಿಕ್ಕಿತ್ತು. ಅವತ್ತು ಮಾರ್ಕಿಂಗ್ ಮುಗಿಸಿ ವಾರದೊಳಗೆ ಪಾಯ ತೆಗೆಯುವುದೆಂದು ಮಾತಾಗಿತ್ತು.

ಕಟ್ಟಡವನ್ನು ನಾನು ಇಟ್ಟಿದ್ದು ದೊಡ್ಡ ಹಾಸುಬಂಡೆಯ ಮೇಲೆ. ಅಲ್ಲಿ ನಿಂತರೆ ಒಂದು ಕಡೆ ಕೋಟೆಯ ಬತೇರಿಗಳು, ದಕ್ಷಿಣಕ್ಕೆ ಜೋಗಿಮಟ್ಟಿಯ ಬೆಟ್ಟಸಾಲು. ಆ ನೋಟಕ್ಕೆ ಮರುಳಾಗಿ ಪಡುವಣ ಗೋಡೆಯನ್ನು ಪೂರ್ತಿ ಗಾಜಿನಲ್ಲಿ ಬರೆದಿದ್ದೆ. ಉಳಿದ ಗೋಡೆಗೆ ಬಂಡೆಯ ಬಣ್ಣ, ಸುತ್ತ ಹುಲ್ಲು. ಇಷ್ಟು ಮಾಡಿದರೆ ಕಟ್ಟಡ ಗುಡ್ಡದೊಳಗೆ ಬೆರೆಯುತ್ತದೆ ಎಂದು ಮನಸಾರೆ ನಂಬಿದ್ದೆ.

ಕಲ್ಲುಕೆಲಸಕ್ಕೆ ಬಂದಿದ್ದ ಅಜ್ಜ ಗೂಟ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

"ಇಲ್ಲ್ಯಾಕವ್ವ? ಇದು ನೀರು ಹಾಯೋ ಬಂಡೆ."

"ಒಣಗೈತಲ್ಲ ಅಜ್ಜ."

"ಈಗ ಒಣಗೈತೆ. ಆ ಕರೇ ಪಟ್ಟೆ ನೋಡು."

ಬಂಡೆಯ ಮೈಮೇಲೆ ಮೇಲಿಂದ ಕೆಳಗೆ ಕಪ್ಪು ಗೆರೆಗಳಿದ್ದವು. ಹತ್ತಾರು ಸಲ ಫೋಟೋ ತೆಗೆದಿದ್ದೆ, ಚೆಂದ ಕಾಣುತ್ತವೆಂದು. ಮಳೆಗಾಲದಲ್ಲಿ ನೀರು ಇಳಿಯುವ ಜಾಡಿನಲ್ಲೇ ಪಾಚಿ ಹಿಡಿದು, ಬೇಸಿಗೆಯಲ್ಲಿ ಒಣಗಿ ಕಪ್ಪಾಗುತ್ತದೆ. ಓದಿ ಗೊತ್ತಿದ್ದ ಸಂಗತಿ. ನನ್ನ ಸೈಟಿನಲ್ಲೇ ಅದು ಕಣ್ಣಿಗೆ ಬಿದ್ದಿರಲಿಲ್ಲ. ಆದರೂ ಒಪ್ಪಿಗೆಯಾದ ನಕ್ಷೆ ಕೈಯಲ್ಲಿತ್ತು. ಸುಣ್ಣದ ಗೆರೆ ಎಳೆಸಿಯೇಬಿಟ್ಟೆ.

ಮಧ್ಯಾಹ್ನ ಮೂರರ ಸುಮಾರಿಗೆ ಮಳೆ ಬಂತು. ಗುಂಡುಬಂಡೆಯೊಂದರ ಅಡಿಯಲ್ಲಿ ಇಬ್ಬರೂ ಕೂತೆವು. ಮೊದಲ ಐದು ನಿಮಿಷ ಬಂಡೆ ಬರೀ ಹೊಳೆಯಿತು. ಆಮೇಲೆ ಕಪ್ಪು ಪಟ್ಟೆಗಳೆಲ್ಲ ಒಟ್ಟಿಗೆ ಜೀವ ಬಂದಂತೆ ಹರಿಯತೊಡಗಿದವು. ಹಾಸುಬಂಡೆಯ ಮೇಲೆ ಅಂಗೈ ಅಗಲದ ನೀರು ಮಾರಗಲವಾಗಿ, ಕೆಳಗಿನ ಒಂದು ಕೊರಕಲಿಗೆ ಸೇರಿ, ಅಲ್ಲಿಂದ ಬುಡದಲ್ಲಿ ದನಕುರಿ ನೀರು ಕುಡಿಯುವ ಗೋಕಟ್ಟೆಗೆ ಇಳಿಯುತ್ತಿತ್ತು. ಕಲ್ಲು ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಓಡುತ್ತದೆ. ಅರ್ಧ ಎಕರೆ ಬಂಡೆಯ ಮೇಲೆ 20 ಮಿಲಿಮೀಟರ್ ಮಳೆಯಾದರೆ 40,000 ಲೀಟರ್. ಜಿಲ್ಲೆಯ ವರ್ಷದ ಮಳೆಯೇ 600 ಮಿಲಿಮೀಟರ್ ಆಸುಪಾಸು ಇರುವಾಗ ಆ ನೀರಿನ ಬೆಲೆ ಕುರಿ ಕಾಯುವವರಿಗೆ ಗೊತ್ತು. ನನ್ನ ನಕ್ಷೆಯಲ್ಲಿ ಮೂರಡಿ ಎತ್ತರದ ಪಾಯ ಅದಕ್ಕೆ ಅಡ್ಡ ನಿಂತಿತ್ತು. ವಾಹನ ನಿಲ್ಲುವ ಜಾಗವಂತೂ ಕೊರಕಲಿನ ಮೇಲೇ ಇತ್ತು. ಗೋಕಟ್ಟೆಯನ್ನು ನಾನು ನಕ್ಷೆಯಲ್ಲಿ ಗುರುತಿಸಿಯೇ ಇರಲಿಲ್ಲ. ಅದು ಜಮೀನಿನ ಗಡಿಯಿಂದ ಆಚೆಗಿತ್ತು, ಅದಕ್ಕೆ.

ಮಳೆ ನಿಂತ ಮೇಲೆ ಅಜ್ಜ ನನ್ನ ಮುಖ ನೋಡಲಿಲ್ಲ. ದಾರ ಸುತ್ತಿಟ್ಟರು.

ದುರ್ಗದವಳಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಕೋಟೆಯ ಗೋಡೆಯನ್ನು ಎಷ್ಟು ಸಲ ನೋಡಿಲ್ಲ? ಗುಂಡಿನಿಂದ ಗುಂಡಿಗೆ ಹೋಗುತ್ತದೆ, ಬಂಡೆ ಎದ್ದು ನಿಂತ ಕಡೆ ಗೋಡೆ ಮುಗಿಯುತ್ತದೆ, ಬಂಡೆಯೇ ಗೋಡೆಯಾಗುತ್ತದೆ. ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಹತ್ತಿರದ ಚಂದ್ರವಳ್ಳಿಯಲ್ಲಿ ನಾಲ್ಕನೇ ಶತಮಾನದ ಮಯೂರಶರ್ಮನ ಶಾಸನ ಬಂಡೆಯ ಮೇಲೇ ಇದೆ, ಅದು ಹೇಳುವುದೂ ಕೆರೆಯ ಸುದ್ದಿ. ಈ ಊರಿನಲ್ಲಿ ಕಟ್ಟಿದವರು ಮೊದಲು ನೀರನ್ನು ನೋಡಿದರು, ಆಮೇಲೆ ಕಲ್ಲನ್ನು. ನಾನು ನೋಟವೊಂದನ್ನೇ ನೋಡಿದ್ದೆ.

ಸಂಜೆಯವರೆಗೆ ಜಮೀನೆಲ್ಲ ಸುತ್ತಿದೆವು. ಹಿಂಬದಿಯಲ್ಲಿ ಹಿಂದೆ ಯಾರೋ ಕಲ್ಲು ಒಡೆದು ಬಿಟ್ಟುಹೋದ ತಗ್ಗಿತ್ತು. ಸುತ್ತ ಚಕ್ಕೆ ರಾಶಿ, ಒಂದೆರಡು ಜಾಲಿ, ಬಿಳಿಚಿಕೊಂಡ ಕಲ್ಲಿನ ಗಾಯ. ಹಾಳಾಗಿದ್ದು ಅದೊಂದೇ ಜಾಗ. ಕಟ್ಟಡ ಅಲ್ಲಿಗೇ ಹೋಗಬೇಕೆಂದು ನಿಂತಲ್ಲೇ ಅನ್ನಿಸಿತು. ಒಳ್ಳೆಯ ಜಾಗವನ್ನು ಇದ್ದ ಹಾಗೆ ಬಿಟ್ಟು ಕೆಟ್ಟ ಜಾಗದಲ್ಲಿ ಕಟ್ಟಬೇಕು. ತಗ್ಗಿನಲ್ಲಿ ಒಂದೇ ಅಂತಸ್ತು ಕೂತರೆ ಸೂರು ಸುತ್ತಲಿನ ಗುಂಡುಗಳಿಗಿಂತ ಕೆಳಗಿರುತ್ತದೆ. ತಾರಸಿ ಚಪ್ಪಟೆ, ನಮ್ಮ ಹಳ್ಳಿಗಳ ಮಾಳಿಗೆ ಮನೆಯ ಹಾಗೆ. ಅದರ ನೀರೂ ಗೋಕಟ್ಟೆಯ ಕಡೆಗೇ. ಪಡುವಣ ಗಾಜು ಹೋಯಿತು. ದುರ್ಗದ ಬೇಸಿಗೆಯಲ್ಲಿ ಅದು ಒಳಗಿದ್ದವರನ್ನು ಬೇಯಿಸುತ್ತಿತ್ತು, ಆಕಾಶವೆಂದುಕೊಂಡು ಹಕ್ಕಿಗಳು ಬಂದು ಬಡಿದುಕೊಳ್ಳುತ್ತಿದ್ದವು. ರಾತ್ರಿ ಹೊರಗೆ ದೀಪ ಬೇಡ, ಆ ಕಡೆ ಕರಡಿ ಓಡಾಡುತ್ತವೆ.

ಗೋಡೆಯ ವಿಷಯದಲ್ಲಿ ಮಾತ್ರ ಅಜ್ಜನಿಗೂ ನನಗೂ ಒಮ್ಮತವಾಗಲಿಲ್ಲ. ಮುಂಭಾಗಕ್ಕೆ ಪಾಲಿಶ್ ಕಲ್ಲು ಹಾಕಿದರೆ ಶ್ರೀಮಂತವಾಗಿರುತ್ತದೆಂದು ಅವರ ವಾದ. ಹೊಸ ಸೈಜುಗಲ್ಲಾದರೂ ಬೇಕೆಂದರು. ಒಡೆದ ಹೊಸ ಗ್ರಾನೈಟು ಬೆಳ್ಳಗಿರುತ್ತದೆ, ಬಿಸಿಲು ಮಳೆ ತಿಂದು ಕಂದುಗಪ್ಪಾಗಲು ಎಷ್ಟೋ ವರ್ಷ ಬೇಕು. ಸುಮಾರು 260 ಕೋಟಿ ವರ್ಷದ ಕಲ್ಲಿನ ನಡುವೆ ಕೂರುವ ಗೋಡೆಗೆ ಹೊಲದ ಬದುಗಳಲ್ಲಿ ಬಿದ್ದಿರುವ ಕಾಡುಗಲ್ಲೇ ಸರಿ, ಹಳೇ ಮುಖ ಹೊರಗೆ ಬರುವ ಹಾಗೆ ಇಡಿ ಎಂದೆ. ಪಾರ್ಕುಗಳಲ್ಲಿ ಸಿಮೆಂಟು ಬಳಿದು ಬಂಡೆಯ ವೇಷ ಹಾಕುತ್ತಾರಲ್ಲ, ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಿಜವಾದ ಬಂಡೆ ಪಕ್ಕದಲ್ಲೇ ಇರುವಾಗ ಅದು ಇನ್ನೂ ದೊಡ್ಡ ಸುಳ್ಳು. "ಮುಖ ನೋಡಿ ನೋಡಿ ಇಡಬೇಕು, ಕೂಲಿ ಜಾಸ್ತಿ ಆಗ್ತದೆ" ಎಂದರು ಅಜ್ಜ. ಆಗಲಿ ಎಂದೆ. ವಾಹನ ನಿಲ್ಲುವ ಜಾಗ ಚಿಕ್ಕದು ಮಾಡಿ ಆ ಖರ್ಚು ಸರಿದೂಗಿಸಿದೆ.

ಜಮೀನಿನವರಿಗೆ ಹೇಳುವುದು ಕಷ್ಟವಾಯಿತು. ರಾತ್ರಿ ಅವರ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ತೆಗೆದ ಮಳೆಯ ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿದರು.

"ಗೋಕಟ್ಟೆ ನಮ್ಮಪ್ಪನ ಕಾಲದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಮೇಡಂ, ಹಿಂದಕ್ಕೆ ಹಾಕಿದ್ರೆ ರೋಡಿಂದ ಬಿಲ್ಡಿಂಗೇ ಕಾಣಲ್ವಲ್ಲ?"

"ಕಾಣಲ್ಲ ಸರ್."

"ಮತ್ತೆ ಜನಕ್ಕೆ ಹೆಂಗೆ ಗೊತ್ತಾಗಬೇಕು?"

ದಾರಿಯಲ್ಲೊಂದು ಕಲ್ಲು ನೆಟ್ಟು ಬಾಣದ ಗುರುತು ಕೆತ್ತಿಸೋಣ ಎಂದೆ. ಎತ್ತರ ಎಷ್ಟೆಂದು ಕೇಳಿದರು. ಮೂರಡಿ ಎಂದೆ, ಐದು ಎಂದರು. ನಾಲ್ಕಕ್ಕೆ ಒಪ್ಪಿಕೊಂಡು ಎದ್ದು ಬಂದೆ.