ಪ್ರೋಟೀನ್ ಸ್ಕಿಮ್ಮರ್: ಪಂಪು ಗಾಳಿ ಎಷ್ಟು ಎಳೆಯುತ್ತೆ?

ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಕೊಳ್ಳುವಾಗ ಗಂಟೆಗೆ ಎಷ್ಟು ಲೀಟರ್ ನೀರು ಅಂತಷ್ಟೇ ನೋಡಬೇಡಿ. ಎಷ್ಟು ಲೀಟರ್ ಗಾಳಿ ಎಳೆಯುತ್ತೆ ಅನ್ನೋದನ್ನ ಮೊದಲು ನೋಡಿ. ನೀರಿನಲ್ಲಿರುವ ಪ್ರೋಟೀನು, ಜಿಡ್ಡು ಗುಳ್ಳೆಯ ಮೈಗೆ ಅಂಟಿಕೊಂಡೇ ಮೇಲೇರಬೇಕು. ಗುಳ್ಳೆ ಸಣ್ಣದಾದಷ್ಟೂ ಅಂಟಲು ಜಾಗ ಹೆಚ್ಚು.

ನೀಡಲ್ ವೀಲ್ ಪಂಪಿನಲ್ಲಿ ರೆಕ್ಕೆಗಳ ಬದಲು ಸೂಜಿಯಂಥ ಕಡ್ಡಿಗಳಿರುತ್ತವೆ. ವೆಂಚುರಿಯಿಂದ (ನೀರಿನ ಓಟದಿಂದಲೇ ಗಾಳಿ ಎಳೆಯುವ ಕಿರಿದಾದ ನಳಿಕೆ) ಬಂದ ಗಾಳಿಯನ್ನು ಅವು ಕಡೆದು ನೀರನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತವೆ. ಆದರೆ ಕಿರಿದಾದ ಸ್ಕಿಮ್ಮರ್ ಕೊಳವೆಗೆ ದೊಡ್ಡ ಪಂಪು ಹಾಕಿದರೆ ಒಳಗೆ ಸುಳಿ ಎದ್ದು, ಮೇಲಿನ ಕತ್ತಿನಲ್ಲಿ ನೊರೆ ನಿಲ್ಲೋದೇ ಇಲ್ಲ. ಬಬಲ್ ಪ್ಲೇಟ್ (ತಳದಲ್ಲಿರುವ ತೂತುತೂತಿನ ತಟ್ಟೆ), ಮೇಲೆ ಕಿರಿದಾಗುವ ಕೋನ್ ಆಕಾರ ಎರಡೂ ಇರುವುದು ಆ ಅಲ್ಲಾಟ ತಗ್ಗಿಸಲಿಕ್ಕೆ.

ಅಮೆರಿಕದಿಂದ ತರಿಸಿದ 60 ಹರ್ಟ್ಸ್ ಎಸಿ ಪಂಪನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ವೋಲ್ಟೇಜ್ ಸರಿಹೋದರೂ ನಮ್ಮ ಕರೆಂಟು 50 ಹರ್ಟ್ಸ್. ವೇಗ ಆರನೇ ಒಂದು ಪಾಲು ಇಳಿಯುತ್ತೆ, ಜೊತೆಗೆ ಗಾಳಿಯೂ.

ಸ್ಕಿಮ್ಮರ್ ಕೂರುವ ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ತೊಟ್ಟಿ) ನೀರಿನ ಮಟ್ಟ ಹೆಚ್ಚಿನ ಮಾಡೆಲ್‌ಗಳಿಗೆ 18ರಿಂದ 23 ಸೆಂ.ಮೀ. ಇರಬೇಕು. ಕರೆಂಟು ಹೋದಾಗ ಮೇಲಿನ ನೀರು ಇಳಿದು ಈ ಮಟ್ಟ ಏರಿರುತ್ತೆ. ಕರೆಂಟು ಬಂದ ಕೂಡಲೇ ನೊರೆ ಸೇರುವ ಕಪ್ ತುಂಬಿ ಚೆಲ್ಲುತ್ತೆ. ಮಟ್ಟ ಇಳಿಯುವ ತನಕ ಕಾಯಲು ಸ್ಕಿಮ್ಮರಿಗೆ ಮಾತ್ರ 5-10 ನಿಮಿಷದ ಡಿಲೇ ಟೈಮರ್ (ತಡವಾಗಿ ಚಾಲೂ ಮಾಡುವ ಸ್ವಿಚ್ಚು) ಹಾಕಿ.

ನೊರೆ ದಿನೇದಿನೇ ಕಮ್ಮಿಯಾದರೆ ಗಾಳಿ ಟ್ಯೂಬು ಪಂಪಿಗೆ ಸೇರುವ ಜಾಗ ಬಿಚ್ಚಿ ನೋಡಿ: ಬಿಳೀ ಉಪ್ಪು ಗಟ್ಟಿಯಾಗಿ ತೂತು ಸೂಜಿಮೊನೆಯಷ್ಟಾಗಿರುತ್ತೆ. ಪಂಪು ಓಡುತ್ತಿರುವಾಗಲೇ ಟ್ಯೂಬಿನ ಹೊರತುದಿಯನ್ನು ಒಂದು ಲೋಟ ಬೆಚ್ಚಗಿನ ಆರ್‌ಓ ನೀರಿಗೆ ಅದ್ದಿದರೆ ಅದೇ ಎಳೆದುಕೊಂಡು ಕರಗಿಸುತ್ತೆ. ಇಂಪೆಲರಿಗೆ (ಪಂಪಿನೊಳಗೆ ತಿರುಗುವ ಚಕ್ರ) ಕಟ್ಟಿದ ಸುಣ್ಣಕ್ಕೆ ಸಮಪಾಲು ನೀರು, ವಿನೆಗರ್. ಒಂದು ರಾತ್ರಿ ನೆನೆಸಿಡಿ.