ಮಳೆ ರಜೆ ಮತ್ತು ನಾಲ್ಕು ಬಟನ್

"ಮಾಮ, ಬಿ ಒತ್ತಿ, ಬಿ!"

ಒತ್ತಿದೆ. ನನ್ನ ಆಟಗಾರ ಗೋಲಿಗೆ ಹೊಡೆಯುವ ಬದಲು ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದ. ಪಕ್ಕದಲ್ಲಿ ನನ್ನ ಕಡೆಯವರು ಯಾರೂ ಇರಲಿಲ್ಲ. ಅಳಿಯ ತಲೆ ಮೇಲೆ ಕೈ ಇಟ್ಟುಕೊಂಡ.

ಅಳಿಯ ಅಂದರೆ ಅಕ್ಕನ ಮಗ, ಒಂಬತ್ತನೇ ಕ್ಲಾಸು. ಕಕ್ಕಡ ತಿಂಗಳು, ಮೂರು ದಿನದಿಂದ ಬಿಡದ ಮಳೆ, ಶಾಲೆಗೆ ರಜೆ. ನಮ್ಮ ಕೊಡಗಿನ ಮಕ್ಕಳು ಈ ಸಮಯದಲ್ಲಿ ಬೆಳಿಗ್ಗೆ ಎದ್ದು ಆಕಾಶ ನೋಡುವುದಿಲ್ಲ, ಮೊಬೈಲ್ ನೋಡುತ್ತಾರೆ, ಡಿಸಿ ರಜೆ ಕೊಟ್ಟರಾ ಅಂತ. ನನಗೂ ಕೆಲಸ ಕಡಿಮೆ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಪುಸ್ತಕ, ಅಂದರೆ ಚೆಕ್ ರೋಲ್, ಬರೆಯುವ ರೈಟರ್. ಮಳೆಗೆ ಆಳುಗಳೇ ಬರದಿದ್ದರೆ ಬರೆಯುವುದಾದರೂ ಏನು?

ಹಾಗಾಗಿ ಮಾಮ ಅಳಿಯ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತು ಫುಟ್‌ಬಾಲ್ ಆಟ. ಅವನ ಕೈಯಲ್ಲಿ ಅವನದೇ ಹೊಸ ಕಂಟ್ರೋಲರ್. ನನ್ನ ಕೈಯಲ್ಲಿ ಯಾರೋ ಬಿಸಾಡಲು ಇಟ್ಟಿದ್ದ, ವೈರ್ ಇರುವ ಹಳೇ ಎಕ್ಸ್‌ಬಾಕ್ಸ್ 360 ಕಂಟ್ರೋಲರ್. 2005ರಲ್ಲಿ ಬಂದ ಮಾದರಿ ಅದು. ಯುಎಸ್‌ಬಿಗೆ ಚುಚ್ಚಿದರೆ ಇವತ್ತಿಗೂ ಸುಮ್ನೆ ಕೆಲಸ ಮಾಡುತ್ತದೆ.

ತಪ್ಪು ಕಂಟ್ರೋಲರ್‌ನದಲ್ಲ, ನನ್ನ ಹೆಬ್ಬೆರಳಿನದು. ನಾನು ಚಿಕ್ಕವನಾಗಿದ್ದಾಗ ಆಡಿದ್ದು ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮು. ನಿಂಟೆಂಡೊದವರ 1983ರ ಫ್ಯಾಮಿಕಾಮ್ ನೋಡಿ ಮಾಡಿದ ನಕಲು ಪೆಟ್ಟಿಗೆ. ಅದರಲ್ಲಿ ಇದ್ದದ್ದು ಎರಡೇ ಅಕ್ಷರ. ಎಡಕ್ಕೆ ಬಿ, ಬಲಕ್ಕೆ ಎ. ಎಕ್ಸ್‌ಬಾಕ್ಸ್‌ನಲ್ಲಿ ಎ ಕೆಳಗೆ, ಬಿ ಬಲಕ್ಕೆ. ನನ್ನ ಬೆರಳು ಮಾತ್ರ ಇನ್ನೂ ಆ ಕಾಲದಲ್ಲೇ ಇದೆ. ಬಿ ಅಂದರೆ ಬಲದ್ದನ್ನು ಬಿಟ್ಟು ಅದರ ಎಡಕ್ಕಿರುವ ಕೆಳಗಿನದನ್ನು ಒತ್ತುತ್ತದೆ. ನೋಡಿ ಒತ್ತೋಣ ಅಂದರೆ ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲೆ. ಕಂಟ್ರೋಲರ್ ಎತ್ತಿ ಕಿಟಕಿಗೆ ಹಿಡಿಯುವಷ್ಟರಲ್ಲಿ ಅಳಿಯ ಗೋಲು ಹೊಡೆದಿರುತ್ತಾನೆ.

"ಬಟನ್‌ಗೆ ಲೈಟ್ ಹಾಕಿಸ್ಕೊಳ್ಳಿ ಮಾಮ" ಅಂದ. ಅವನು ಅಂದದ್ದು ತಮಾಷೆಗೆ. ನಾನು ಹಠಕ್ಕೆ ಬಿದ್ದೆ.

ಟಾರ್ಚ್ ಹಿಡಿದು ನೋಡಿದೆ. ಎ ಹಸಿರು, ಬಿ ಕೆಂಪು, ಎಕ್ಸ್ ನೀಲಿ, ವೈ ಹಳದಿ. ನಾಲ್ಕೂ ಬಣ್ಣದ ಪ್ಲಾಸ್ಟಿಕ್, ಬೆಳಕು ಒಳಗೆ ಇಳಿಯುತ್ತದೆ. ಹಾಗಾದರೆ ಕೆಳಗಿನಿಂದ ಬಿಟ್ಟರೂ ಮೇಲೆ ಬರಬೇಕಲ್ವಾ? ಆನ್‌ಲೈನ್‌ನಲ್ಲಿ ಬಣ್ಣದ ಎಲ್‌ಇಡಿ ಪ್ಯಾಕೆಟ್ ತರಿಸಿದೆ. 0805 ಅನ್ನುವ ಅಳತೆ. ಇಂಚಿನ ಸಾವಿರದ ಲೆಕ್ಕದಲ್ಲಿ 80 ಉದ್ದ, 50 ಅಗಲ. ನಮ್ಮ ಲೆಕ್ಕದಲ್ಲಿ 2 ಮಿಲಿಮೀಟರ್ ಉದ್ದ, ಒಂದೂಕಾಲು ಅಗಲ. ಪ್ಯಾಕೆಟ್ ಬಿಚ್ಚಿದಾಗ ಅಮ್ಮ ಬಗ್ಗಿ ನೋಡಿ, "ಇದೇನೋ, ಕಡಂಬುಟ್ಟಿಗೆ ಒಡೆದ ಅಕ್ಕಿ ತರಿ ಇದ್ದ ಹಾಗಿದೆ" ಅಂದರು. ಸರಿಯಾಗೇ ಹೇಳಿದರು. ಕೆಂಪು ಆಕ್ಸೈಡ್ ನೆಲದ ಮೇಲೆ ಬಿದ್ದರೆ ಹುಡುಕುವುದೂ ತರಿ ಹುಡುಕಿದಷ್ಟೇ ಕಷ್ಟ. ಒಂದು ಸೀನು ಬಂದು ಎರಡು ಹೋದವು. ಇನ್ನೂ ಸಿಕ್ಕಿಲ್ಲ.

ಕಂಟ್ರೋಲರ್ ಬಿಚ್ಚುವುದೇ ಒಂದು ದಿನದ ಕೆಲಸವಾಯಿತು. ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ನಕ್ಷತ್ರದ ಆಕಾರದ ತಲೆ, ನಡುವೆ ಒಂದು ಪುಟ್ಟ ಮೊಳೆ. ಅದಕ್ಕೆ ತೂತಿರುವ ಟಿ8 ಬಿಟ್, ಅಂದರೆ ಸ್ಕ್ರೂಡ್ರೈವರ್ ತುದಿ, ಬೇಕು. ಕುಶಾಲನಗರಕ್ಕೆ ಹೋಗಿ ತಂದೆ. ಆರು ಸ್ಕ್ರೂ ಬಿಚ್ಚಿದರೂ ಬಾಯಿ ಬಿಡಲಿಲ್ಲ. ಜೋರಾಗಿ ಎಳೆದೆ, ಕಟಕ್ ಅಂತ ಸದ್ದು. ಅಳಿಯ ಬಂದು ಹಿಂದೆ ಇದ್ದ ಬಾರ್‌ಕೋಡ್ ಚೀಟಿಯನ್ನು ಬೆರಳಿಂದ ಒತ್ತಿ ನೋಡಿದ. ಏಳನೇ ಸ್ಕ್ರೂ ಅದರ ಅಡಿಯಲ್ಲಿತ್ತು!

ಒಳಗೆ ಎರಡು ಹಿಡಿಕೆಗೂ ಒಂದೊಂದು ಮೋಟಾರು. ಅಲುಗಾಡಿಸುವುದೇ ಅವುಗಳ ಕೆಲಸ. ಬಟನ್‌ಗಳ ಅಡಿಯಲ್ಲಿ ರಬ್ಬರ್ ಹಾಸು. ಒಂದೊಂದು ಬಟನ್‌ಗೂ ಒಂದೊಂದು ಗುಬ್ಬಿ, ಗುಬ್ಬಿಯ ತಳದಲ್ಲಿ ಕಪ್ಪು ಕಾರ್ಬನ್ ಬಿಲ್ಲೆ. ಒತ್ತಿದಾಗ ಬಿಲ್ಲೆ ಬೋರ್ಡಿನ ಗೆರೆಗಳಿಗೆ ತಾಗಿ ಕರೆಂಟು ಹರಿಯುತ್ತದೆ, ಅಷ್ಟೇ ಕಥೆ. ರಬ್ಬರ್ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಇಲ್ಲಿ ಮಳೆಗಾಲದಲ್ಲಿ ಬೆಲ್ಟಿಗೆ, ಶೂಗೆ, ಮದುವೆ ಆಲ್ಬಮ್ಮಿಗೆ ಎಲ್ಲದಕ್ಕೂ ಹಿಡಿಯುತ್ತದೆ. ಕಂಟ್ರೋಲರ್ ಏನು ಮಹಾ? ಒರೆಸಿದೆ.

ಬಿಲ್ಲೆ ತಾಗುವ ಜಾಗದ ಪಕ್ಕದಲ್ಲಿ, ರಬ್ಬರ್ ಗುಬ್ಬಿಯ ಹೊರಗೆ, ಒಂದು ಎಲ್‌ಇಡಿ ಕೂರುವಷ್ಟು ಜಾಗ ಇದೆ. ನಾಲ್ಕನ್ನೂ ಅಲ್ಲಿ ಅಂಟಿಸಿದೆ. ಕರೆಂಟಿಗೆ ಯುಎಸ್‌ಬಿ ವೈರಿನ ಕೆಂಪು ಮತ್ತು ಕಪ್ಪು ತಂತಿ. ಅಲ್ಲಿ 5 ವೋಲ್ಟ್ ಸಿಗುತ್ತದೆ. ಎಲ್‌ಇಡಿಗೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ, ನಡುವೆ ಕರೆಂಟು ತಗ್ಗಿಸುವ ರೆಸಿಸ್ಟರ್ ಬೇಕು ಅಂತ ಗೊತ್ತಿತ್ತು. ನಾಲ್ಕಕ್ಕೂ ಸೇರಿ ಒಂದು ಹಾಕಿದೆ. ನಾಲ್ಕು ಹಾಕಲು ಸೋಮಾರಿತನ.

ಚುಚ್ಚಿದೆ. ಕೆಂಪು ಮಾತ್ರ ಉರಿಯಿತು. ಹಳದಿ ಸ್ವಲ್ಪ ಮಿಣುಕಿತು. ಹಸಿರು, ನೀಲಿ ಸತ್ತ ಹಾಗೆ. ತಿರುಗಿಸಿ ಕೂರಿಸಿಬಿಟ್ಟೆನಾ ಅಂತ ಮಲ್ಟಿಮೀಟರ್ ಹಿಡಿದು ನೋಡಿದರೆ ಒಂದೊಂದೇ ಚೆನ್ನಾಗಿ ಉರಿಯುತ್ತವೆ. ಒಟ್ಟಿಗೆ ಕೊಟ್ಟರೆ ಕೆಂಪು ಮಾತ್ರ. ದೆವ್ವ ಹಿಡಿದಂತಾಯಿತು.

ಮಡಿಕೇರಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ದಸರಾ ಮಂಟಪಗಳ ಲೈಟಿಂಗ್ ಕೆಲಸಕ್ಕೆ ಹೋಗುವವನು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪ ಬೆಳಗಾಗುವವರೆಗೆ ಮೆರವಣಿಗೆ ಹೋಗುತ್ತವಲ್ಲ, ಅದರಲ್ಲಿ ಒಂದು ಬಲ್ಬ್ ಕೆಟ್ಟರೂ ಹಿಂದೆ ಓಡುವುದು ಅವನೇ. ಫೋನ್ ಮಾಡಿದೆ.

"ನಾಲ್ಕಕ್ಕೂ ಒಂದೇ ರೆಸಿಸ್ಟರ್ ಹಾಕಿದ್ಯಾ ಮಾರಾಯಾ?"

"ಹೌದು."

"ನಿಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಲ್ವಾ?"

ಅಷ್ಟು ಹೇಳಿದ್ದೇ ಸಾಕಾಯಿತು. ಫೆಬ್ರವರಿ, ಮಾರ್ಚಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಇಡುತ್ತೇವೆ. ಒಂದೇ ಪೈಪಿನಲ್ಲಿ ಇಳಿಜಾರಿನ ಮೇಲೊಂದು ನೀರು ಚಿಮ್ಮಿಸುವ ಜೆಟ್, ಕೆಳಗೊಂದು ಜೆಟ್ ಇಟ್ಟು, ಪಂಪಿನಲ್ಲಿ ಜೋರಿಲ್ಲದಿದ್ದರೆ ಕೆಳಗಿನದು ಚಿಮ್ಮುತ್ತದೆ, ಮೇಲಿನದು ತೊಟ್ಟಿಕ್ಕುತ್ತದೆ. ಕೆಳಗೆ ಸುಲಭ ದಾರಿ ಇದ್ದರೆ ನೀರು ಮೇಲೆ ಯಾಕೆ ಹತ್ತುತ್ತದೆ? ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೇ ಬಾಗಿಲು ತೆಗೆಯುತ್ತದೆ. ಹಳದಿಯೂ ಹೆಚ್ಚುಕಡಿಮೆ ಅಷ್ಟೇ. ನೀಲಿಗೆ, ನನ್ನ ಹತ್ತಿರ ಇದ್ದ ಹಸಿರಿಗೆ 3 ವೋಲ್ಟ್ ಬೇಕು. ಒಂದೇ ರೆಸಿಸ್ಟರ್ ಹಿಂದೆ ನಾಲ್ಕನ್ನೂ ಕಟ್ಟಿದರೆ ಕೆಂಪಣ್ಣ 2 ವೋಲ್ಟಿನ ಹತ್ತಿರವೇ ಎಲ್ಲವನ್ನೂ ಹಿಡಿದು ಕೂರುತ್ತಾನೆ. ಉಳಿದವರಿಗೆ 3 ಬರುವುದೇ ಇಲ್ಲ. ವರ್ಷಾ ವರ್ಷ ಜೆಟ್ ಎತ್ತಿಡುವ ನನಗೆ ಇದು ಹೊಳೆಯಬಾರದೇ?

ಎಲ್ಲ ಕಿತ್ತು ಮತ್ತೆ ಶುರು. ಒಂದೊಂದಕ್ಕೆ ಒಂದೊಂದು ರೆಸಿಸ್ಟರ್. ನೀಲಿಗೆ 5ರಲ್ಲಿ 3 ಕಳೆದರೆ 2 ವೋಲ್ಟ್. 10 ಮಿಲಿಆಂಪ್ ಕರೆಂಟು ಸಾಕು ಅಂದುಕೊಂಡರೆ 200 ಓಮ್‌ನ ರೆಸಿಸ್ಟರ್. ಅಂಗಡಿಯಲ್ಲಿ ಸಿಗುವುದು 220. ಕೆಂಪಿಗೆ ಅದೇ ಲೆಕ್ಕದಲ್ಲಿ 330.

ತಂತಿ ದಪ್ಪ ಇದ್ದರೆ ರಬ್ಬರ್ ಎತ್ತಿ ಕೂರುತ್ತದೆ, ಬಟನ್ ಒತ್ತಿದ್ದು ಮೇಲೆ ಬರುವುದಿಲ್ಲ. ಅದಕ್ಕೆ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಫ್ಯಾನಿನ ತಂತಿ ಒಂದು ಗೇಣು ಬೇಡಿ ತಂದೆ. ತಲೆಕೂದಲಿಗಿಂತ ಸ್ವಲ್ಪ ದಪ್ಪ. ಮೇಲೆ ಎನಾಮೆಲ್ ಬಳಿದಿರುತ್ತಾರೆ, ಬ್ಲೇಡಿನಲ್ಲಿ ಕೆರೆಯಬೇಕು. ಕೆರೆದು ತಾಮ್ರ ಹೊಳೆದ ಮೇಲೆ, ಕರಗಿಸಿ ಬೆಸೆಯುವ ಲೋಹ, ಸೋಲ್ಡರ್, ಮುಟ್ಟಿಸಿದರೆ ಅದು ತಂತಿಯನ್ನು ಅಪ್ಪಿಕೊಂಡು ಬೆಳ್ಳಿ ಬಣ್ಣಕ್ಕೆ ಬರುತ್ತದೆ. ಆಮೇಲೆ ಎಲ್‌ಇಡಿಯ ತುದಿಗೆ ಚಿಮುಟದಲ್ಲಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ಒಂದು ಕ್ಷಣ ಇಟ್ಟು ತೆಗೆಯಬೇಕು. ಜಾಸ್ತಿ ಹೊತ್ತು ಇಟ್ಟರೆ ಎಲ್‌ಇಡಿ ಕರಗಿ ಒಂದು ಕಡೆ ವಾಲುತ್ತದೆ. ಹಸಿರು, ನೀಲಿ, ಹಳದಿ ಮೂರೂ ಮುಗಿದವು. ನಾಲ್ಕನೆಯದರ, ಕೆಂಪಿನ, ಸೋಲ್ಡರ್ ಅರ್ಧ ಕರಗಿದಾಗ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಕರೆಂಟ್ ಹೋಗುವುದನ್ನು ನಾವ್ಯಾರೂ ಸುದ್ದಿ ಅಂತ ಹೇಳುವುದಿಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದಿರುತ್ತದೆ. ಆದರೆ ಐರನ್ ತಣ್ಣಗಾಗುತ್ತಾ ಬಂದಂತೆ ಹೊಳೆಯುತ್ತಿದ್ದ ಸೋಲ್ಡರ್, ಆರಿದ ಗಂಜಿಯ ಹಾಗೆ ಮಂಕಾಯಿತು. ಟಾರ್ಚ್ ಬೆಳಕಲ್ಲಿ ಎಳೆದು ನೋಡಿದೆ, ಗಟ್ಟಿ ಇತ್ತು. ಕರೆಂಟ್ ಬಂದ ಮೇಲೆ ಇನ್ನೊಮ್ಮೆ ಕಾಯಿಸೋಣ ಅಂದುಕೊಂಡೆ. ಅವತ್ತು ಕಕ್ಕಡ ತಿಂಗಳ 18, ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪು ತಿನ್ನುವ ದಿನ. ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಆ ಕಡುನೇರಳೆ ಬಣ್ಣ ಯಾವ ಎಲ್‌ಇಡಿ ಪ್ಯಾಕೆಟ್ಟಿನಲ್ಲೂ ಸಿಗುವುದಿಲ್ಲ. ಎರಡು ಲೋಟ ಕುಡಿದೆ. ಕಾಯಿಸುವುದು ಮರೆತೇ ಹೋಯಿತು.

ಮಾರನೇ ದಿನ ಚುಚ್ಚಿದಾಗ ನಾಲ್ಕೂ ಉರಿದವು. ಉರಿದದ್ದು ಸ್ವಲ್ಪ ಜಾಸ್ತಿಯೇ. ಕತ್ತಲೆಯಲ್ಲಿ ನೀಲಿ ಕಣ್ಣಿಗೆ ಚುಚ್ಚುತ್ತಿತ್ತು. ಬಟನ್ ಸಂದಿಯಿಂದೆಲ್ಲ ಬೆಳಕು ಸೋರಿ ಅಕ್ಷರವೇ ಕಾಣುತ್ತಿರಲಿಲ್ಲ. "ಮಾಮ, ಇದು ಕಂಟ್ರೋಲರ್ ಅಲ್ಲ, ಮಂಟಪ" ಅಂದ ಅಳಿಯ. ರೆಸಿಸ್ಟರ್ ಎಲ್ಲ ತೆಗೆದು ಸಾವಿರ ಓಮ್‌ನದು ಹಾಕಿದೆ. ಈಗ ನೀಲಿಗೆ ಹೋಗುವುದು ಸುಮಾರು 2 ಮಿಲಿಆಂಪ್, ನಾಲ್ಕೂ ಸೇರಿ 10. ಯುಎಸ್‌ಬಿ ಕಿಂಡಿ 500ರವರೆಗೆ ಕೊಡುತ್ತದೆ, ಅದಕ್ಕೆ ಗೊತ್ತೂ ಆಗುವುದಿಲ್ಲ. ಬೆಳಕು ಹದವಾಯಿತು. ಏಳೂ ಸ್ಕ್ರೂ ಬಿಗಿದೆ.

ಆಟ ಶುರುವಾಯಿತು. ಎರಡು ನಿಮಿಷ ಆಗಿತ್ತೋ ಇಲ್ಲವೋ, ಮೋಟಾರು ಒಮ್ಮೆ ಗುರ್ ಅಂತ ನಡುಗಿತು. ಬಿ ಆರಿತು.

ಮಂಕಾದ ಆ ಸೋಲ್ಡರೇ. ನನಗೆ ನೋಡದೆಯೇ ಗೊತ್ತಾಯಿತು. ಮೊದಲ ದಿನ ಕೆಂಪು ಬಿಟ್ಟು ಯಾವುದೂ ಉರಿಯಲಿಲ್ಲ, ಈಗ ಕೆಂಪು ಬಿಟ್ಟು ಎಲ್ಲ ಉರಿಯುತ್ತಿದೆ. ಟಿ8 ಬಿಟ್ ಹುಡುಕಲು ಎದ್ದೆ.

"ಬಿಡಿ ಮಾಮ," ಅಂದ ಅಳಿಯ, ಕಣ್ಣು ಪರದೆಯ ಮೇಲಿಟ್ಟೇ. "ಉರೀದೇ ಇರೋದು ಬಿ. ಇನ್ನೇನು ಬೇಕು?"

ಕೂತೆ. ಅವತ್ತು 4–1 ರಿಂದ ಸೋತೆ. ಆ ಒಂದು ಗೋಲು ಬಿ ಒತ್ತಿಯೇ ಬಂದದ್ದು. ಜೋರಾಗಿ ಒತ್ತಿದರೆ ಕೆಂಪು ಈಗಲೂ ಒಮ್ಮೊಮ್ಮೆ ಮಿಣುಕುತ್ತದೆ. ಮಳೆ ಬಿಡಲಿ, ಬಿಚ್ಚಿ ಸರಿ ಮಾಡುತ್ತೇನೆ. ಬಿಟ್ ಎಲ್ಲಿ ಇಟ್ಟೆ ಅನ್ನುವುದು ಮಾತ್ರ ಇನ್ನೂ ನೆನಪಿಗೆ ಬರುತ್ತಿಲ್ಲ.